ಎತ್ತರಿಸಿದ ಪಿಕಪ್, ಲಾರಿಗಳ ಕ್ರೌನ್ ಆಯಿಲ್: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಮಾಪುಸಾ, ಪಣಜಿ, ಮಡಗಾಂವ್ ಮಾರುಕಟ್ಟೆಗೆ ತರಕಾರಿ ಹೊರುವ ಪಿಕಪ್‌ಗಳಲ್ಲಿ ಕಂಪನಿಯಿಂದ ಬಂದ ರೂಪದಲ್ಲೇ ಉಳಿದವು ಕಡಿಮೆ. ಒಂದಕ್ಕೆ ಹಿಂದೆ ಎರಡು ಕಮಾನು ಪಟ್ಟಿ ಹೆಚ್ಚು, ಇನ್ನೊಂದಕ್ಕೆ ಆಕ್ಸಲ್ ಮತ್ತು ಪಟ್ಟಿಯ ನಡುವೆ ಬ್ಲಾಕ್, ಮತ್ತೊಂದಕ್ಕೆ ದೊಡ್ಡ ಟೈರು. ಭಾನುವಾರ ಮಣ್ಣು ದಾರಿ ಹತ್ತುವ ಫೋರ್ ಬೈ ಫೋರ್‌ಗಳದು ಇನ್ನೂ ಒಂದು ಕೈ ಮೇಲೆ: ಲಿಫ್ಟ್ ಕಿಟ್, ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಹಿಡಿಯುವ ಲಾಕರ್, ಹೊರಗಿನಿಂದ ತಂದ ದಪ್ಪ ಡಿಫರೆನ್ಷಿಯಲ್ ಕವರ್. ಆಕ್ಸಲ್ ನಡುವಿನ ಡಿಫರೆನ್ಷಿಯಲ್ ಪೆಟ್ಟಿಗೆಯಲ್ಲಿ (ಹೌಸಿಂಗ್) ಸಣ್ಣ ಪಿನಿಯನ್ ಗೇರು ದೊಡ್ಡ ಕ್ರೌನ್ ಗೇರನ್ನು ತಿರುಗಿಸುತ್ತದೆ, ಅಲ್ಲಿನ ಎಣ್ಣೆಯೇ ಕ್ರೌನ್ ಆಯಿಲ್. ಇಂಥ ಗಾಡಿಗಳಲ್ಲಿ ಅದನ್ನು ನೋಡುವಾಗ ಎಲ್ಲರೂ ಹಿಡಿಯುವುದು ಹಳೆಯ ಸೂತ್ರವನ್ನೇ. ಪ್ಲಗ್ ಬಿಚ್ಚು, ತೂತಿನ ಅಂಚಿಗೆ ಎಣ್ಣೆ ಇದ್ದರೆ ಸರಿ. ಹೌಸಿಂಗ್ ಕಂಪನಿ ಕೂರಿಸಿದ ಕೋನದಲ್ಲೇ ಇದ್ದರೆ ಮಾತ್ರ ಈ ಸೂತ್ರ ನಿಜ. ಕೋನ ಬದಲಾದ ಗಾಡಿಯಲ್ಲಿ ಆ ತೂತು ಸುಳ್ಳು ಹೇಳುತ್ತದೆ, ಅದೂ ಯಾವ ಕಡೆಗೆ ಸುಳ್ಳು ಎಂಬುದು ತೂತು ಎಲ್ಲಿದೆ ಎನ್ನುವುದರ ಮೇಲೆ ನಿಂತಿದೆ.

ಕೆಳಗಿನ ಭಾಗಗಳನ್ನು ಕಣ್ಣಿಗೆ, ಕಿವಿಗೆ, ಮೂಗಿಗೆ ಮೊದಲು ಸಿಗುವ ಲಕ್ಷಣಗಳ ಪ್ರಕಾರ ಜೋಡಿಸಿದೆ. ಪ್ರತಿ ಭಾಗದಲ್ಲೂ ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು.

ಗಾಡಿ ಕೆಳಗೆ ನುಗ್ಗುವ ಮುಂಚೆ

ಹೆಚ್ಚಿನ ಪಿಕಪ್‌ಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು. ಗೇರಿಗೆ ಹಾಕಿ ನಿಲ್ಲಿಸಿದರೂ ಹಿಡಿತ ಹೋಗುವುದು ಹಿಂದಿನ ಆಕ್ಸಲ್ ಮೂಲಕವೇ. ಹಿಂದಿನ ಆಕ್ಸಲ್ ನೆಲ ಬಿಟ್ಟ ಕ್ಷಣ ಎರಡೂ ಹಿಡಿತ ಹೋದವು. ಆದ್ದರಿಂದ ಜಾಕ್ ಮುಟ್ಟುವ ಮೊದಲು ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಎರಡು ಕಡೆಯೂ ಕಟ್ಟಿಗೆ ಅಥವಾ ಕಲ್ಲು ಅಡ್ಡ ಇಡಿ. ಗೋವಾದ ಕೆಂಪು ಮಣ್ಣಿನ ಅಂಗಳ ಮಳೆಯಲ್ಲಿ ಜಾಕನ್ನು ನುಂಗುತ್ತದೆ. ಅಡಿಗೆ ದಪ್ಪ ಹಲಗೆ ಬೇಕೇ ಬೇಕು. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ, ಆಕ್ಸಲ್ ಕೊಳವೆಗಳ ಕೆಳಗೆ ಎರಡು ಸ್ಟ್ಯಾಂಡ್ ಇರಲಿ. ಜಾಕನ್ನು ಪಿನಿಯನ್ ಮೂತಿಗಾಗಲಿ (ಹೌಸಿಂಗಿನ ಮುಂಚಾಚು, ಶಾಫ್ಟ್ ಬಂದು ಸೇರುವ ಕಡೆ), ತೆಳು ತಗಡಿನ ಹಿಂಬದಿ ಕವರಿಗಾಗಲಿ ಕೊಡಬಾರದು.

ಲಾಕರ್ ಅಥವಾ ಲಿಮಿಟೆಡ್ ಸ್ಲಿಪ್ (ಒಂದು ಚಕ್ರ ಜಾರಿದರೂ ಇನ್ನೊಂದಕ್ಕೆ ಬಲ ಕೊಡುವ ಡಿಫರೆನ್ಷಿಯಲ್) ಇರುವ ಗಾಡಿಯಲ್ಲಿ ಒಂದು ಚಕ್ರ ಮಾತ್ರ ಎತ್ತಿ, ಎಂಜಿನ್ ಚಾಲೂ ಮಾಡಿ ಗೇರ್ ಹಾಕಿ ತಿರುಗಿಸಿ ನೋಡುವ ಪದ್ಧತಿ ಇದೆ. ನೆಲದ ಮೇಲಿರುವ ಚಕ್ರಕ್ಕೂ ಬಲ ಹೋಗಿ ಗಾಡಿ ಸ್ಟ್ಯಾಂಡಿನಿಂದ ನೆಗೆಯುತ್ತದೆ. ಮಾಡಬೇಡಿ.

ಘಾಟ್ ಇಳಿದ ತಕ್ಷಣ ಪ್ಲಗ್ ಬಿಚ್ಚುವುದೂ ಬೇಡ. ಎಣ್ಣೆ ಚರ್ಮ ಸುಡುವಷ್ಟು ಬಿಸಿ ಇರುತ್ತದೆ. ಬ್ರೀದರ್ (ಹೌಸಿಂಗ್ ಮೇಲಿನ ಗಾಳಿ ಕಿಂಡಿ) ಕಟ್ಟಿದ್ದರೆ ಒಳಗಿನ ಒತ್ತಡಕ್ಕೆ ಮುಖಕ್ಕೇ ಚಿಮ್ಮುತ್ತದೆ.

ಎಣ್ಣೆ ಕಲೆ ಕಾಣುತ್ತಿದೆ

ಕಲೆ ಎಂದ ಕೂಡಲೇ ಸೀಲ್ ತರಲು ಓಡಬೇಡಿ. ಇದು ಕ್ರೌನ್ ಆಯಿಲ್ ಹೌದೇ ಎಂದು ಮೊದಲು ನೋಡಿ. ಬೆರಳಿಗೆ ಹಚ್ಚಿ ಮೂಸಿದರೆ ಗಂಧಕದ ಕೆಟ್ಟ ವಾಸನೆ ಬಂದರೆ ಗೇರ್ ಆಯಿಲ್. ವಾಸನೆ ಅಷ್ಟಿಲ್ಲ, ನೀರು ಹಾಕಿದರೆ ತೊಳೆದು ಹೋಗುತ್ತದೆ ಎಂದರೆ ಅದು ಬ್ರೇಕ್ ಆಯಿಲ್. ಗಾಡಿ ಅಲ್ಲೇ ನಿಲ್ಲಲಿ.

ಕರಾವಳಿಯಲ್ಲಿ ಇನ್ನೊಂದು ಗೊಂದಲ ಇದೆ. ಮಳೆಗಾಲಕ್ಕೆ ಮುಂಚೆ ತುಕ್ಕು ಹಿಡಿಯದಿರಲಿ ಎಂದು ಚಾಸಿಗೆ ಎಣ್ಣೆ ಹೊಡೆಸಿರುತ್ತಾರೆ. ಆಮೇಲೆ ಇಡೀ ತಳವೇ ಜಿಡ್ಡು, ಎಲ್ಲಿ ಸೋರುತ್ತಿದೆ ಎಂದು ದೇವರಿಗೂ ತಿಳಿಯದು. ಹೌಸಿಂಗನ್ನು ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸೀಲು, ಕವರು, ಪ್ಲಗ್ಗುಗಳ ಸುತ್ತ ಟಾಲ್ಕಂ ಪೌಡರ್ ಉದುರಿಸಿ 20 ಕಿ.ಮೀ. ಓಡಿಸಿ ಬನ್ನಿ. ಪೌಡರ್ ಎಲ್ಲಿ ಒದ್ದೆಯಾಗಿದೆಯೋ ಅಲ್ಲಿಂದಲೇ ಸೋರಿಕೆ.

ಹೌಸಿಂಗಿನ ತಲೆಯ ಮೇಲೆ, ಬ್ರೀದರ್ ಸುತ್ತ ಮಾತ್ರ ಜಿಡ್ಡಿದ್ದರೆ ಎಣ್ಣೆ ಹೆಚ್ಚಾಗಿದೆ ಅಥವಾ ನೊರೆ ಏಳುತ್ತಿದೆ. ಸೀಲಿಗೆ ಕೈ ಹಾಕುವ ಕಾರಣವಿಲ್ಲ.

ಬ್ರೀದರ್ ಒಣಗಿದೆ, ಆದರೆ ಎರಡು ಮೂರು ಕಡೆ ಒಟ್ಟಿಗೇ ಜಿನುಗುತ್ತಿದೆ. ಇದು ಬಹುತೇಕ ಬ್ರೀದರ್ ಕಟ್ಟಿರುವ ಲಕ್ಷಣ. ಹೌಸಿಂಗ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಹೊರಹೋಗಲು ದಾರಿ ಇಲ್ಲದಿದ್ದರೆ ಸೀಲಿನ ತುಟಿಯನ್ನೇ ಎತ್ತಿ ಹೊರಬರುತ್ತದೆ. ಬ್ರೀದರ್ ಬಿಚ್ಚಿ ಬಾಯಿಂದ ಊದಿ ನೋಡಿ. ಕೆಂಪು ಕೆಸರು ಒಣಗಿ ಗಟ್ಟಿಯಾಗಿರುವುದು, ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುವುದು, ಪೇಂಟ್ ಹೊಡೆಯುವಾಗ ಮುಚ್ಚಿಹೋಗಿರುವುದು, ಮೂರೂ ಸಾಮಾನ್ಯ. ಡೀಸೆಲ್‌ನಲ್ಲಿ ನೆನೆಸಿ ತೊಳೆದರೆ ಕೆಲಸ ಮುಗಿಯಿತು. ನೂರಾರು ರೂಪಾಯಿಯ ಸೀಲು ಹಾಕಿಸಿ ತಿಂಗಳೊಳಗೆ ಮತ್ತೆ ಸೋರಿತು ಎನ್ನುವ ದೂರುಗಳಲ್ಲಿ ಹಲವು ಇಲ್ಲೇ ಬಗೆಹರಿಯುತ್ತವೆ.

ಪಿನಿಯನ್ ಮೂತಿಯ ನೇರಕ್ಕೆ, ಗಾಡಿಯ ತಳದ ತಗಡಿನ ಮೇಲೆ ಅಡ್ಡಗೆರೆ ಎಳೆದಂತೆ ಎಣ್ಣೆ ಚಿಮ್ಮಿದ್ದರೆ ಪಿನಿಯನ್ ಸೀಲ್ ಹೋಗಿದೆ. ಸೀಲ್ ತರುವ ಮೊದಲು ಜಾಯಿಂಟ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಆಕ್ಸಲಿಗೆ ಬಲ ಒಯ್ಯುವ ದಂಡ) ಬಿಚ್ಚಿ, ಅದು ಕೂರುವ ಫ್ಲಾಂಜ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಸ್ವಲ್ಪ ಆಟ ಸಿಕ್ಕರೂ ಕೆಟ್ಟಿರುವುದು ಬೇರಿಂಗ್. ಹೊಸ ಸೀಲ್ ನಾಲ್ಕು ದಿನ ಬಾಳುವುದಿಲ್ಲ. ಆಟ ಇಲ್ಲದಿದ್ದರೆ ಫ್ಲಾಂಜಿನಲ್ಲಿ ಸೀಲು ಕೂರುವ ಜಾಗವನ್ನು ಉಗುರಿನಿಂದ ಸವರಿ. ಉಗುರು ಸಿಕ್ಕಿಕೊಳ್ಳುವಷ್ಟು ಕೊರೆದಿದ್ದರೆ ಹೊಸ ಸೀಲು ಅದೇ ಗುಳಿಯಲ್ಲಿ ಕೂತು ಮತ್ತೆ ಸೋರುತ್ತದೆ. ತೆಳು ಸ್ಲೀವ್ ಹಾಕಿಸಬೇಕು, ಇಲ್ಲವೇ ಫ್ಲಾಂಜ್ ಬದಲಿಸಬೇಕು. ಅಂಗಡಿಗೆ ಹೋಗುವಾಗ ಗಾಡಿ ಹೆಸರಿಗಿಂತ ಹಳೆ ಸೀಲಿನ ಮೇಲೆ ಅಚ್ಚೊತ್ತಿದ ಮೂರು ಅಳತೆ ಮುಖ್ಯ: ಒಳ ವ್ಯಾಸ, ಹೊರ ವ್ಯಾಸ, ದಪ್ಪ. ಆಕ್ಸಲ್ ಬದಲಾಯಿಸಿದ ಗಾಡಿಗೆ ಗಾಡಿ ಹೆಸರು ಹೇಳಿ ತಂದ ಸೀಲು ಕೂರುವುದೇ ಇಲ್ಲ.

ಪಿನಿಯನ್ ನಟ್ ವಿಷಯದಲ್ಲಿ ಎಚ್ಚರ. ಹಲವು ಪಿಕಪ್ ಆಕ್ಸಲ್‌ಗಳಲ್ಲಿ ಬೇರಿಂಗ್ ಬಿಗಿತವನ್ನು ಕಾಯುವುದು ಒಳಗಿನ ಜಜ್ಜುವ ಕೊಳವೆ. ನಟ್ಟನ್ನು ಏರ್ ಗನ್ನಿನಿಂದ ಮನಬಂದಂತೆ ಬಿಗಿದರೆ ಕೊಳವೆ ಇನ್ನಷ್ಟು ಜಜ್ಜಿ, ಬೇರಿಂಗ್ ಮಿತಿಮೀರಿ ಬಿಗಿಯಾಗಿ, ಬಿಸಿಯಾಗಿ ಸಾಯುತ್ತದೆ. ಬಿಚ್ಚುವ ಮೊದಲು ನಟ್, ಶಾಫ್ಟ್, ಫ್ಲಾಂಜ್ ಮೂರಕ್ಕೂ ಒಂದೇ ಗೆರೆ ಹೊಡೆಯಿರಿ, ಮರಳಿ ಕಟ್ಟುವಾಗ ಅದೇ ಗೆರೆಗೆ ತನ್ನಿ. ‘ಇರಲಿ ಬಿಡಿ ಸಾಹೇಬ್ರೆ, ಟೈಟ್ ಮಾಡಿದರೆ ಆಯ್ತು’ ಎನ್ನುವ ಗ್ಯಾರೇಜಿನಿಂದ ಗಾಡಿಯನ್ನು ಹೊರಗೆ ತನ್ನಿ.

ಚಕ್ರದ ಒಳಮೈಯಲ್ಲಿ, ಡ್ರಮ್ಮಿನ ಹಿಂಬದಿ ತಟ್ಟೆಯ ಕೆಳ ಅಂಚಿನಲ್ಲಿ ಎಣ್ಣೆ ಇದ್ದರೆ ಆಕ್ಸಲ್ ಸೀಲ್ ಹೋಗಿದೆ. ಇದು ಎಣ್ಣೆಯ ಪ್ರಶ್ನೆ ಮೀರಿ ಬ್ರೇಕಿನ ಪ್ರಶ್ನೆಯಾಯಿತು. ಘಾಟ್ ಇಳಿಯಬೇಡಿ. ಎಣ್ಣೆ ಕುಡಿದ ಬ್ರೇಕ್ ಲೈನರನ್ನು ಪೆಟ್ರೋಲ್ ಸುರಿದು ಸುಟ್ಟು ಮತ್ತೆ ಹಾಕುವ ಪದ್ಧತಿ ರಸ್ತೆ ಬದಿಯಲ್ಲಿ ಇನ್ನೂ ಇದೆ. ಮೇಲ್ಮೈ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಎಣ್ಣೆ ಮೇಲೆ ಬರುತ್ತದೆ. ಲೈನರ್ ಎರಡೂ ಬದಿ ಜೋಡಿಯಾಗಿಯೇ ಬದಲಾಗಬೇಕು, ಇಲ್ಲದಿದ್ದರೆ ಬ್ರೇಕ್ ಒಂದು ಕಡೆ ಎಳೆಯುತ್ತದೆ.

ಸೋರಿಕೆ ಇಲ್ಲ, ಆದರೂ ಮಟ್ಟ ಸರಿ ಬರುತ್ತಿಲ್ಲ

ಗಾಡಿ ಎತ್ತರಿಸಿದವರು ಹೆಚ್ಚು ತಪ್ಪುವುದು ಇಲ್ಲಿ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಸಾಮಾನ್ಯ ಪರೀಕ್ಷೆ ಹೀಗೆ. ಐದಾರು ಕಿ.ಮೀ. ಓಡಿಸಿ, ಸಮತಟ್ಟು ನೆಲದಲ್ಲಿ ಖಾಲಿ ಗಾಡಿ ನಿಲ್ಲಿಸಿ 15 ನಿಮಿಷ ಬಿಡಿ. ಗೇರುಗಳಿಗೆ, ಗೋಡೆಗೆ ಅಂಟಿದ ಎಣ್ಣೆ ಕೆಳಗಿಳಿಯಬೇಕು. ಮೇಲಿನ ತುಂಬುವ ಪ್ಲಗ್ಗನ್ನೇ ಮೊದಲು ಬಿಚ್ಚಿ. ಕೆಳಗಿನದನ್ನು ಮೊದಲು ಬಿಚ್ಚಿ ಎಣ್ಣೆಯೆಲ್ಲ ಹರಿಸಿದ ಮೇಲೆ ಮೇಲಿನದು ಜಾಮ್ ಆಗಿದೆ ಎಂದು ಗೊತ್ತಾದರೆ ಗಾಡಿ ಅಲ್ಲೇ ಕೂತಂತೆ. ಎಲ್ ಆಕಾರಕ್ಕೆ ಬಾಗಿಸಿದ ತಂತಿಯನ್ನು ಒಳಗೆ ಇಳಿಸಿ, ತೂತಿನ ಕೆಳ ಅಂಚಿನಿಂದ ಎಣ್ಣೆ ಎಷ್ಟು ಕೆಳಗಿದೆ ಎಂದು ಅಳೆಯಿರಿ. ಬಹುತೇಕ ಗಾಡಿಗಳಲ್ಲಿ ಅಂಚಿಗೆ ಸಮ ಇರಬೇಕು, ಕೆಲವಕ್ಕೆ ಕಂಪನಿಯೇ ಕೆಲವು ಮಿ.ಮೀ. ಕೆಳಗೆ ಎಂದು ಕೊಟ್ಟಿರುತ್ತದೆ. ಗಾಡಿಯ ಪುಸ್ತಕ ನೋಡಿ.

ಈಗ ಕೋನದ ಲೆಕ್ಕ. ಬ್ಲಾಕ್ ಜೊತೆ ಇಳಿಜಾರು ಪಟ್ಟಿ (ಒಂದು ಅಂಚು ದಪ್ಪ, ಇನ್ನೊಂದು ತೆಳು) ಹಾಕಿ ಪಿನಿಯನ್ ಮೂತಿಯನ್ನು 4 ಡಿಗ್ರಿ ಮೇಲಕ್ಕೆತ್ತಿದ್ದಾರೆ ಎಂದುಕೊಳ್ಳಿ. ತುಂಬುವ ತೂತು ಹಿಂಬದಿ ಕವರಿನಲ್ಲಿದೆ, ಆಕ್ಸಲ್ ನಡುಗೆರೆಯಿಂದ 120 ಮಿ.ಮೀ. ಹಿಂದೆ. ಮೂತಿ ಮೇಲೆದ್ದಾಗ ಬೆನ್ನು ಇಳಿಯುತ್ತದೆ, ತೂತು ಸುಮಾರು 8 ಮಿ.ಮೀ. ಕೆಳಗೆ ಬಂತು. ಅಂಚಿಗೆ ಸಮ ತುಂಬಿದರೂ ಎಣ್ಣೆಯ ಮೈ ಮೊದಲಿಗಿಂತ 8 ಮಿ.ಮೀ. ಕಡಿಮೆ. ಅದೇ ಹೊತ್ತಿಗೆ ನಡುಗೆರೆಯಿಂದ 200 ಮಿ.ಮೀ. ಮುಂದಿರುವ ಪಿನಿಯನ್ ಬೇರಿಂಗ್ 14 ಮಿ.ಮೀ. ಮೇಲೇರಿತು. ಒಟ್ಟು 22 ಮಿ.ಮೀ. ಅಂತರ. ತೂತಿನಿಂದ ಎಣ್ಣೆ ತುಳುಕುತ್ತಿದ್ದರೂ ಮುಂದಿನ ಬೇರಿಂಗ್ ಹೆಚ್ಚುಕಡಿಮೆ ಒಣಗಿದೆ.

ಇದಕ್ಕೆ ಘಾಟ್ ಕೂಡಿಸಿ. 100 ಮೀಟರಿಗೆ 8 ಮೀಟರ್ ಏರುವ ರಸ್ತೆ ಎಂದರೆ ಸುಮಾರು ನಾಲ್ಕೂವರೆ ಡಿಗ್ರಿ. ಮೂತಿ ಮತ್ತಷ್ಟು ಮೇಲೆ, ಎಣ್ಣೆ ಮತ್ತಷ್ಟು ಹಿಂದಕ್ಕೆ. ಲೋಡ್ ಹೆಚ್ಚು, ವೇಗ ಕಡಿಮೆ. ಕ್ರೌನ್ ನಿಧಾನ ತಿರುಗುವುದರಿಂದ ಎಣ್ಣೆಯನ್ನು ಎತ್ತಿ ಮುಂದಕ್ಕೆ ಎರಚುವುದೂ ಕಡಿಮೆ. ದೊಡ್ಡ ಟೈರ್ ಹಾಕಿದ್ದರೆ ಅದೇ ವೇಗಕ್ಕೆ ಕ್ರೌನ್ ಇನ್ನೂ ನಿಧಾನ. ಪೇಟೆಯಲ್ಲಿ ವರ್ಷಗಟ್ಟಲೆ ಸುಮ್ಮನಿದ್ದ ಗಾಡಿ ಅನಮೋಡ್ ಅಥವಾ ಆಂಬೋಲಿ ಘಾಟ್ ಹತ್ತುವಾಗಲೇ ಕೂಗಲು ಶುರು ಮಾಡುವುದು ಇದಕ್ಕೆ.

ತೂತು ಮುಂಬದಿಯಲ್ಲಿ, ಪಿನಿಯನ್ ಪಕ್ಕದಲ್ಲಿದ್ದರೆ ಲೆಕ್ಕ ತಿರುಗಾಮುರುಗಾ. ಮೂತಿಯ ಜೊತೆ ತೂತೂ ಮೇಲೇರಿದೆ, ಅಂಚಿಗೆ ಸಮ ತುಂಬಿದರೆ ಎಣ್ಣೆ ಹೆಚ್ಚಾಯಿತು. ಹೆಚ್ಚಾದ ಎಣ್ಣೆ ನೊರೆ ಎಬ್ಬಿಸುತ್ತದೆ, ಬಿಸಿ ಏರಿಸುತ್ತದೆ, ಕೊಳವೆಗಳಲ್ಲಿ ಹರಿದು ಚಕ್ರದ ಸೀಲಿಗೆ ಹೋಗುತ್ತದೆ.

ಬರೀ ಒಂದೆರಡು ಪಟ್ಟಿ ಹೆಚ್ಚು ಹಾಕಿಸಿದವರು ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. 3 ಮೀಟರ್ ವೀಲ್‌ಬೇಸಿನ ಗಾಡಿಯ ಹಿಂಭಾಗ 8 ಸೆಂ.ಮೀ. ಏರಿದರೆ ಒಂದೂವರೆ ಡಿಗ್ರಿ ವ್ಯತ್ಯಾಸ, ಅದೂ ಮೂತಿ ಕೆಳಮುಖವಾಗುವ ಕಡೆಗೆ. ಲೋಡ್ ಬಿದ್ದಾಗ ಅದೂ ಇಳಿಯುತ್ತದೆ.

ನಿಮ್ಮ ಗಾಡಿಯ ಕೋನ ತಿಳಿಯಲು ಮೊಬೈಲಿನ ಕೋನ ಅಳೆಯುವ ಆ್ಯಪ್ ಸಾಕು. ಪಿನಿಯನ್ ಫ್ಲಾಂಜಿನ ಚಪ್ಪಟೆ ಮುಖಕ್ಕೆ ಫೋನಿನ ಅಂಚು ಒತ್ತಿ ಓದಿ, ಅದೇ ಮಾದರಿಯ, ಏನೂ ಬದಲಿಸದ ಗಾಡಿಯಲ್ಲಿ ಓದಿದ್ದರ ಜೊತೆ ಹೋಲಿಸಿ. ವ್ಯತ್ಯಾಸವೇ ನಿಮ್ಮ ಕೋನ. 2 ಡಿಗ್ರಿಯೊಳಗೆ ಇದ್ದರೆ ಹಳೆ ಸೂತ್ರವೇ ನಡೆಯುತ್ತದೆ.

ಹೆಚ್ಚಿದ್ದರೆ ಎರಡು ದಾರಿ. ಮೊದಲನೆಯದು, ಪರೀಕ್ಷೆಯ ಹೊತ್ತಿಗೆ ಮಾತ್ರ ಹೌಸಿಂಗನ್ನು ಹಳೆಯ ಕೋನಕ್ಕೆ ತರುವುದು. 3 ಮೀಟರ್ ವೀಲ್‌ಬೇಸಿನ ಗಾಡಿಯಲ್ಲಿ ಹಿಂದಿನ ಆಕ್ಸಲನ್ನು 20 ಸೆಂ.ಮೀ. ಎತ್ತಿ ಎರಡೂ ಬದಿ ಸಮನಾಗಿ ಸ್ಟ್ಯಾಂಡ್ ಮೇಲೆ ಕೂರಿಸಿದರೆ ಇಡೀ ಗಾಡಿ ಸುಮಾರು 4 ಡಿಗ್ರಿ ಮುಂದಕ್ಕೆ ಬಾಗುತ್ತದೆ, ಎತ್ತಿದ ಮೂತಿ ಅಷ್ಟೇ ಇಳಿಯುತ್ತದೆ. ಆಗ ಅಂಚಿಗೆ ಸಮ ತುಂಬಿ. ಇದೇ ಕಂಪನಿ ಲೆಕ್ಕದ ಎಣ್ಣೆ. ತೂತು ಹಿಂಬದಿಯಲ್ಲಿರುವ ಗಾಡಿಯಲ್ಲಿ ಇದಾದ ಮೇಲೆ ನೆಲಕ್ಕಿಳಿಸಿ ಪ್ಲಗ್ ಬಿಚ್ಚಿದರೆ ಎಣ್ಣೆ ಹರಿದು ಬರುತ್ತದೆ, ಹೆಚ್ಚಾಗಿದೆ ಎಂದುಕೊಂಡು ಹರಿಯಲು ಬಿಡಬೇಡಿ. ಹೊಸ ಮೆಕ್ಯಾನಿಕ್ ಕೈಗೆ ಗಾಡಿ ಹೋದಾಗ ಇದೇ ಆಗುವುದು. ಹೌಸಿಂಗ್ ಮೇಲೆ ಬಿಳಿ ಪೇಂಟಿನಲ್ಲಿ ‘ಹಿಂದೆ 20 ಸೆಂ.ಮೀ. ಎತ್ತಿ ನೋಡಿ’ ಎಂದು ಬರೆದಿಡುವುದು ಒಳ್ಳೆಯದು. ಗೋವಾದ ಗ್ಯಾರೇಜಿಗೂ ಹೋಗುವ ಗಾಡಿಯಾದರೆ ಹಿಂದಿಯಲ್ಲೂ ಇರಲಿ.

ಎರಡನೆಯದು ಅಳೆದು ಸುರಿಯುವುದು. ಹೊರಗಿನ ಕವರ್ ಹಾಕಿದ್ದರೆ ಅದರ ತೂತು ಎಲ್ಲಿದೆ ಎನ್ನುವುದು ಅದನ್ನು ಮಾಡಿದವನ ಇಷ್ಟ, ಅದನ್ನು ನಂಬಿ ಕೂರುವಂತಿಲ್ಲ. ಎಣ್ಣೆ ಬೆಚ್ಚಗಿರುವಾಗ ಪೂರ್ತಿ ಇಳಿಸಿ, ಹನಿ ನಿಲ್ಲುವವರೆಗೆ ಬಿಟ್ಟು, ಪುಸ್ತಕದಲ್ಲಿ ಕೊಟ್ಟ ಲೀಟರ್ ಲೆಕ್ಕವನ್ನು ಅಳತೆ ಡಬ್ಬಿಯಿಂದ ಹಾಕಿ. ಎರಡು ಮೂರು ಕಿ.ಮೀ. ಓಡಿಸಿ, ನಿಲ್ಲಿಸಿ, ತಂತಿ ಇಳಿಸಿ ಅಳೆದು ಗುರುತು ಮಾಡಿಕೊಳ್ಳಿ. ಆ ಗಾಡಿಗೆ ಅಂದಿನಿಂದ ಅದೇ ಮಟ್ಟ. ಆಳವಾದ ಕವರ್ ಒಳಗೆ ಜಾಗ ಹೆಚ್ಚಿರುವುದರಿಂದ ಪುಸ್ತಕದ ಲೆಕ್ಕ ಸಾಲದು. ಹಳೆ ಕವರಿಗೂ ಹೊಸದಕ್ಕೂ ಬೇರೆ ಬೇರೆ ನೀರು ತುಂಬಿ ಅಳೆದರೆ ಎಷ್ಟು ಹೆಚ್ಚು ಹಿಡಿಯುತ್ತದೆ ಎಂದು ಗೊತ್ತಾಗುತ್ತದೆ. ಕೂರಿಸುವ ಮೊದಲು ಚೆನ್ನಾಗಿ ಒಣಗಿಸಿ.

ಮೂತಿ ಆರೇಳು ಡಿಗ್ರಿ ಮೇಲೆದ್ದಿದ್ದರೆ ಹೆಚ್ಚು ಎಣ್ಣೆ ಪರಿಹಾರವಲ್ಲ. ಪಿನಿಯನ್ನಿಗೆ ಸಾಕಾಗುವಷ್ಟು ತುಂಬಿದರೆ ಚಕ್ರದ ಸೀಲ್ ಮುಳುಗುತ್ತದೆ. ಅಷ್ಟು ಎತ್ತುವ ಅಗತ್ಯವೇ ಇತ್ತೇ ಎಂದು ಕೇಳಿಕೊಳ್ಳಿ. ಶಾಫ್ಟಿನ ಎರಡು ತುದಿಗೆ ಒಂದೊಂದೇ ಕ್ರಾಸ್ (ಬಾಗುವ ಕೂಡಿಕೆ) ಇರುವ ಮಾಮೂಲಿ ಜಾಯಿಂಟ್ ಶಾಫ್ಟಿಗೆ ಪಿನಿಯನ್ ಮೂತಿ ಗೇರ್‌ಬಾಕ್ಸ್ ಹೊರದಂಡಕ್ಕೆ ಸಮಾಂತರ ಇರಬೇಕು. ಮೂತಿಯನ್ನು ನೇರ ಗೇರ್‌ಬಾಕ್ಸಿನ ಕಡೆ ಗುರಿ ಇಡುವುದು ಮೇಲ್ತುದಿಯಲ್ಲಿ ಜೋಡಿ ಕ್ರಾಸ್ ಇರುವ ಶಾಫ್ಟಿಗೆ ಮಾತ್ರ. ಮಾಮೂಲಿ ಶಾಫ್ಟ್ ಇಟ್ಟುಕೊಂಡು ಮೂತಿ ಎತ್ತಿಸಿದವರಿಗೆ ನಡುಕವೂ ಬಂತು, ಬೇರಿಂಗೂ ಒಣಗಿತು.

ಮಟ್ಟ ಏರಿದೆ, ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದೆ

ನೀರು ಸೇರಿದೆ. ಬೇರೆ ಕಾರಣ ಹುಡುಕಬೇಕಿಲ್ಲ. ಘಾಟ್ ಇಳಿದು ಕಾದ ಹೌಸಿಂಗ್ ತಣ್ಣನೆಯ ನೀರಿಗೆ ಇಳಿದಾಗ ಒಳಗಿನ ಗಾಳಿ ಒಮ್ಮೆಲೇ ಕುಗ್ಗುತ್ತದೆ, ಬ್ರೀದರ್ ನೀರಿನಲ್ಲಿದ್ದರೆ ಗಾಳಿಯ ಬದಲು ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರ್ ಕಟ್ಟಿದ್ದರೆ ಸೀಲಿನ ತುಟಿ ದಾಟಿ ಎಳೆಯುತ್ತದೆ. ಮಳೆಗಾಲದ ಹಳ್ಳ, ನೀರು ನಿಂತ ಭತ್ತದ ಗದ್ದೆ ದಾರಿ, ಭರತದ ಹೊತ್ತಿಗೆ ಮುಳುಗಿರುವ ಫೆರಿ ರ‍್ಯಾಂಪ್, ಮುಂಬೈಗೆ ಹೋದರೆ ಅಂಧೇರಿ ಸಬ್‌ವೇಯಂಥ ತಗ್ಗು. ನದೀಮುಖದ ನೀರು ಉಪ್ಪು, ಅದು ಬೇರಿಂಗಿಗೆ ಇನ್ನೂ ಕೆಟ್ಟದ್ದು.

ಬಣ್ಣ ಬದಲಾಗದಿದ್ದರೂ ಅನುಮಾನ ಇದ್ದರೆ ಪುಕ್ಕಟೆ ಪರೀಕ್ಷೆ ಒಂದಿದೆ. ಗಾಡಿ ರಾತ್ರಿಯಿಡೀ ನಿಲ್ಲಲಿ. ನೀರು ಎಣ್ಣೆಗಿಂತ ಭಾರ, ತಳಕ್ಕೆ ಸೇರುತ್ತದೆ. ಬೆಳಗ್ಗೆ ಗಾಡಿ ಅಲುಗಿಸುವ ಮುಂಚೆ ಕೆಳಗಿನ ಪ್ಲಗ್ಗನ್ನು ಪೂರ್ತಿ ಬಿಚ್ಚದೆ ಎರಡು ಸುತ್ತು ಸಡಿಲಿಸಿ, ಮೊದಲ ನಾಲ್ಕಾರು ಹನಿಗಳನ್ನು ಬಿಳಿ ಬಟ್ಟಲಿನಲ್ಲಿ ಹಿಡಿಯಿರಿ. ನೀರಿದ್ದರೆ ಅದೇ ಮೊದಲು ಬರುತ್ತದೆ.

ನೀರು ಸೇರಿದ ಎಣ್ಣೆಯಲ್ಲಿ ಓಡಿಸಬೇಡಿ. ಇಳಿಸಿ, ಕಡಿಮೆ ಬೆಲೆಯ ಅದೇ ದರ್ಜೆಯ ಎಣ್ಣೆ ಹಾಕಿ ಖಾಲಿ ಗಾಡಿಯನ್ನು ನಿಧಾನ 10 ಕಿ.ಮೀ. ಓಡಿಸಿ, ಮತ್ತೆ ಇಳಿಸಿ. ಎರಡನೆಯದೂ ಬಿಳಚಿದ್ದರೆ ಇನ್ನೊಮ್ಮೆ. ಡೀಸೆಲ್ ಹಾಕಿ ತೊಳೆಯುವವರಿದ್ದಾರೆ, ಮೂಲೆಯಲ್ಲಿ ಉಳಿದ ಡೀಸೆಲ್ ಹೊಸ ಎಣ್ಣೆಯನ್ನು ತೆಳುವಾಗಿಸುತ್ತದೆ, ಹಾಗಾಗಿ ಕವರ್ ಬಿಚ್ಚಿ ಒರೆಸಲು ಆಗುವಲ್ಲಿ ಮಾತ್ರ ಸರಿ. ಫೋರ್ ಬೈ ಫೋರ್‌ನವರು ಮುಂದಿನ ಡಿಫರೆನ್ಷಿಯಲ್ ಮರೆಯಬೇಡಿ. ತಿಂಗಳುಗಟ್ಟಲೆ ಕೆಲಸವಿಲ್ಲದೆ ನಿಂತ ಅದರೊಳಗೆ ನೀರು ಸುಮ್ಮನೆ ಕೂತು ತುಕ್ಕು ಹಿಡಿಸುತ್ತದೆ.

ಮತ್ತೆ ಬರದಿರಲು ಬ್ರೀದರ್ ಜಾಗದಿಂದ 6 ಅಥವಾ 8 ಮಿ.ಮೀ. ಒಳ ವ್ಯಾಸದ, ಎಣ್ಣೆ ತಾಳುವ ರಬ್ಬರ್ ಕೊಳವೆಯನ್ನು ಹಿಂದಿನ ಲೈಟಿನ ಎತ್ತರಕ್ಕೆ ಒಯ್ಯಿರಿ. ತುದಿ ಕೆಳಮುಖವಾಗಿ ಬಾಗಿರಲಿ, ಸಣ್ಣ ಫಿಲ್ಟರ್ ಇರಲಿ. ಆಕ್ಸಲ್ ಪೂರ್ತಿ ಕೆಳಗೆ ಜೋತಾಗಲೂ ಎಳೆಯದಷ್ಟು ಸಡಿಲ ಬಿಡಿ. ಗಾಡಿ ಎತ್ತರಿಸಿದ ಮೇಲೆ ಹಳೆಯ ಉದ್ದದ ಕೊಳವೆಯೇ ಇದ್ದು, ಮೊದಲ ಹೊಂಡಕ್ಕೇ ಕಿತ್ತು ಬಂದಿರುವುದನ್ನು ಯಾರೂ ಗಮನಿಸಿರುವುದಿಲ್ಲ.

ಸದ್ದು

ಯಾವಾಗ ಬರುತ್ತದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ. ಮೊದಲು ಟೈರ್ ಸದ್ದನ್ನು ಬೇರ್ಪಡಿಸಿ: ಡಾಂಬರಿನಿಂದ ಕಾಂಕ್ರೀಟಿಗೆ ಬಂದಾಗ ಸದ್ದು ಬದಲಾದರೆ ಟೈರು. ಬದಲಾಗದಿದ್ದರೆ ಕೆಳಗಿನದು.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕುಂಯ್‌ಗುಟ್ಟಿದರೆ ಕ್ರೌನ್ ಹಲ್ಲಿನ ಎಳೆಯುವ ಮುಖ ಸವೆದಿದೆ ಅಥವಾ ಹಲ್ಲು ಕೂರುವ ಜಾಗ ತಪ್ಪಿದೆ. ಕಾಲು ತೆಗೆದು ಎಂಜಿನ್ ಹಿಡಿತದಲ್ಲಿ ಇಳಿಯುವಾಗ ಮಾತ್ರ ಬಂದರೆ ಹಲ್ಲಿನ ಇನ್ನೊಂದು ಮುಖ, ಅಥವಾ ಪಿನಿಯನ್ ಬೇರಿಂಗ್ ಸಡಿಲ. ಎರಡರಲ್ಲೂ ಒಂದೇ ಸಮ ಗುರ್‌ಗುಟ್ಟಿ ವೇಗದ ಜೊತೆ ಏರಿದರೆ ಬೇರಿಂಗ್. ಎಡಕ್ಕೆ ಬಲಕ್ಕೆ ತಿರುಗಿಸಿದಾಗ ಹೆಚ್ಚು ಕಡಿಮೆ ಆದರೆ ಚಕ್ರದ ಬೇರಿಂಗ್. ಗೇರ್ ಹಾಕಿ ಕ್ಲಚ್ ಬಿಟ್ಟ ಕ್ಷಣ ಒಂದೇ ‘ಟಣ್’ ಬಂದರೆ ಮೊದಲು ಶಾಫ್ಟ್ ಕ್ರಾಸ್ ಮತ್ತು ಪಟ್ಟಿಯ ಯು ಬೋಲ್ಟ್ ನೋಡಿ. ಬ್ಲಾಕ್ ಹಾಕಿದ ಗಾಡಿಗಳಲ್ಲಿ ಯು ಬೋಲ್ಟ್ ಸಡಿಲವಾಗಿ ಆಕ್ಸಲ್ಲೇ ತಿರುಚುವುದುಂಟು.

ಮಟ್ಟ ಕಡಿಮೆ ಇದ್ದು ಸದ್ದು ಈಗಷ್ಟೇ ಶುರುವಾಗಿದ್ದರೆ ಎಣ್ಣೆ ಸರಿಪಡಿಸಿ 50 ಕಿ.ಮೀ. ಖಾಲಿ ಓಡಿಸಿ. ನಿಂತರೆ ಅದೃಷ್ಟ. ನಿಲ್ಲದಿದ್ದರೆ ಲೋಹ ಈಗಾಗಲೇ ಹಾಳಾಗಿದೆ, ಎಣ್ಣೆ ವಾಪಸ್ ತರುವುದಿಲ್ಲ. ಸದ್ದು ಅಡಗಲಿ ಎಂದು 90 ನಂಬರ್ ಬದಲು ಇನ್ನೂ ಮಂದವಾದ 140 ನಂಬರ್ ಎಣ್ಣೆ ಹಾಕುವುದು ಗಾಡಿ ಮಾರುವವರ ಉಪಾಯ. ಪುಸ್ತಕ 85ಡಬ್ಲ್ಯು-140 ಎಂದಿದ್ದರೆ ಮಾತ್ರ ಅದು.

ಬಿಗಿ ತಿರುವಿನಲ್ಲಿ ಹಿಂದಿನಿಂದ ಕಟಕಟ ನಡುಕ, ಅದೂ ಎಣ್ಣೆ ಬದಲಿಸಿದ ಮೇಲೆ ಶುರುವಾದದ್ದು: ಕ್ಲಚ್ ತಟ್ಟೆಗಳ ಲಿಮಿಟೆಡ್ ಸ್ಲಿಪ್ ಇರುವ ಆಕ್ಸಲಿಗೆ ಸಾದಾ ಎಣ್ಣೆ ಬಿದ್ದಿದೆ. ಆ ಆಕ್ಸಲಿಗೆ ಹೇಳಿದ ಎಣ್ಣೆ ಅಥವಾ ಘರ್ಷಣೆ ಹದಗೊಳಿಸುವ ಅಡಿಟಿವ್ ಹಾಕಿ, ಖಾಲಿ ಮೈದಾನದಲ್ಲಿ ನಿಧಾನ ಎಂಟರ ಆಕಾರದಲ್ಲಿ ಐದಾರು ಸುತ್ತು ಓಡಿಸಿ. ತಟ್ಟೆಗಳ ನಡುವೆ ಹೊಸ ಎಣ್ಣೆ ಇಳಿಯಬೇಕು.

ಗೇರ್‌ಬಾಕ್ಸಿಗೂ ಕ್ರೌನಿಗೂ ಒಂದೇ ಡಬ್ಬದಿಂದ ಹಾಕುವ ರೂಢಿಯೂ ಇದೆ. ಕ್ರೌನ್ ಪಿನಿಯನ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಒತ್ತುವುದರಿಂದ ಹೆಚ್ಚು ಒತ್ತಡ ತಾಳುವ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಜಿಎಲ್-4 ಅಲ್ಲಿ ಸಾಲದು. ಜಿಎಲ್-4 ಕೇಳುವ ಗೇರ್‌ಬಾಕ್ಸಿಗೆ ಜಿಎಲ್-5 ಹೋದರೆ ಹಿತ್ತಾಳೆ ಸಿಂಕ್ರೊ ಉಂಗುರಗಳಿಗೆ ಕುತ್ತು.

ಹೌಸಿಂಗ್ ಕೈ ಇಡಲಾಗದಷ್ಟು ಬಿಸಿ

ಕೈ ಇಡಲಾಗದಿರುವುದು ರೋಗವಲ್ಲ. 60 ಡಿಗ್ರಿ ದಾಟಿದ ಲೋಹವನ್ನು ಯಾರೂ ಹಿಡಿಯಲಾರರು, ಲೋಡ್ ಹೊತ್ತು ಘಾಟ್ ಹತ್ತಿದ ಹೌಸಿಂಗ್ 90ರ ಆಸುಪಾಸು ಇರುವುದು ಸಹಜ. ಗನ್ ಥರ್ಮಾಮೀಟರ್ ಇದ್ದರೆ ಎಣ್ಣೆ ಇರುವ ಕೆಳಭಾಗಕ್ಕೆ ಗುರಿ ಇಟ್ಟು ನೋಡಿ. 120 ಡಿಗ್ರಿ ಮುಟ್ಟಿದರೆ ನಿಲ್ಲಿಸಿ. ಕೆಳಭಾಗಕ್ಕಿಂತ ಪಿನಿಯನ್ ಮೂತಿ 20 ಡಿಗ್ರಿಗೂ ಹೆಚ್ಚು ಬಿಸಿ ಇದ್ದರೆ ಬೇರಿಂಗಿಗೆ ಎಣ್ಣೆ ಹೋಗುತ್ತಿಲ್ಲ ಅಥವಾ ಅತಿ ಬಿಗಿಯಾಗಿದೆ. ಮೂತಿ ಎತ್ತಿದ ಗಾಡಿಯಲ್ಲಿ ಮೊದಲಿನದೇ ಇರುವ ಸಾಧ್ಯತೆ ಹೆಚ್ಚು. ಬಿಸಿ ಹೌಸಿಂಗಿಗೆ ನೀರು ಎರಚಬೇಡಿ, ನೀರು ಒಳಗೆಳೆಯುವ ಬಗೆ ಮೇಲೆ ಹೇಳಿದ್ದೇ.

ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಲೋಹ

ಬೂದು ಬಣ್ಣದ ನುಣ್ಣನೆಯ ಪೇಸ್ಟ್ ಮಾಮೂಲಿ ಸವೆತ. ಹೊಸ ಕ್ರೌನ್ ಪಿನಿಯನ್ ಕೂರಿಸಿದ್ದರೆ ಮೊದಲ 800 ಕಿ.ಮೀ. ಸುಮಾರಿಗೆ ಎಣ್ಣೆ ಬದಲಿಸಬೇಕಾಗುವುದು ಇದಕ್ಕೇ. ಬೆರಳ ನಡುವೆ ಉಜ್ಜಿದಾಗ ಚುಚ್ಚುವ ಚೂರು, ಮಿರುಗುವ ತೆಳು ಪದರು ಇದ್ದರೆ ಬೇರಿಂಗ್ ಸುಲಿಯುತ್ತಿದೆ. ಹಲ್ಲಿನ ಆಕಾರದ ತುಂಡು ಸಿಕ್ಕರೆ ಗಾಡಿ ಒಂದು ಅಡಿಯೂ ಮುಂದೆ ಹೋಗಬಾರದು. ಇನ್ನೊಂದು ತುಂಡು ಹಲ್ಲುಗಳ ನಡುವೆ ಸಿಕ್ಕರೆ ಹಿಂದಿನ ಚಕ್ರಗಳು ಓಡುತ್ತಿರುವಾಗಲೇ ಕಚ್ಚಿಕೊಳ್ಳುತ್ತವೆ. ಎಳೆಸಿಕೊಂಡು ಹೋಗುವುದಾದರೆ ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಎತ್ತಿ, ಇಲ್ಲವೇ ಆಕ್ಸಲ್ ಶಾಫ್ಟ್ ಎರಡೂ ಹೊರತೆಗೆದು ಹಬ್ ಬಾಯಿ ಮುಚ್ಚಿ ಎಳೆಯಿರಿ. ಶಾಫ್ಟ್ ತೆಗೆದರೂ ಚಕ್ರ ಹಬ್ ಮೇಲೆ ನಿಲ್ಲುವುದು ಪೂರ್ಣ ತೇಲುವ ಆಕ್ಸಲ್ ಇರುವ ಲಾರಿಗಳಲ್ಲಿ ಮಾತ್ರ. ಹಲವು ಸಣ್ಣ ಪಿಕಪ್‌ಗಳಲ್ಲಿ ಶಾಫ್ಟಿನ ಜೊತೆ ಚಕ್ರವೇ ಹೊರಬರುತ್ತದೆ.

ಇಲ್ಲಿಂದ ಮುಂದಿನದು ಡಯಲ್ ಗೇಜ್ ಇಟ್ಟುಕೊಂಡು, ಹಲ್ಲಿಗೆ ಬಣ್ಣ ಹಚ್ಚಿ ಗುರುತು ನೋಡಿ ಕೂರಿಸುವವರ ಕೆಲಸ. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬದಲಾಗುತ್ತವೆ, ಒಂದನ್ನು ಹಳೆಯದು ಇಟ್ಟು ಉಳಿಸಿದ ದುಡ್ಡು ಸದ್ದಾಗಿ ವಾಪಸ್ ಬರುತ್ತದೆ.

ದೊಡ್ಡ ಲಾರಿ: ಹಬ್ ಕೆಲಸ ಆದ ಮೇಲೆ ಮಟ್ಟ ಬಿದ್ದಿದೆ

ಕೆಲವು ಭಾರಿ ಲಾರಿ, ಟಿಪ್ಪರ್‌ಗಳಲ್ಲಿ ಹಬ್ ಬೇರಿಂಗಿಗೂ ಹೌಸಿಂಗಿನ ಎಣ್ಣೆಯೇ ಹೋಗುತ್ತದೆ, ಉಳಿದವುಗಳಲ್ಲಿ ಗ್ರೀಸ್. ಎಣ್ಣೆಯ ಬಗೆಯದಾದರೆ ಡ್ರಮ್, ಲೈನರ್ ಕೆಲಸಕ್ಕೆ ಹಬ್ ಬಿಚ್ಚಿ ಕಟ್ಟಿದಾಗ ಅದು ಖಾಲಿಯಾಗಿರುತ್ತದೆ. ಹೌಸಿಂಗ್ ಮಟ್ಟ ನೋಡಿ ಕಳಿಸಿದರೆ ಮೊದಲ ಕೆಲವು ಕಿ.ಮೀ. ಬೇರಿಂಗ್ ಒಣಗಿ ಓಡುತ್ತದೆ, ಆಮೇಲೆ ಎಣ್ಣೆ ಹಬ್ಬಿಗೆ ಹೋಗಿ ಹೌಸಿಂಗ್ ಮಟ್ಟ ಬೀಳುತ್ತದೆ. ಅಂಚಿಗೆ ತುಂಬಿ, ಆಕ್ಸಲಿನ ಒಂದು ಬದಿಯನ್ನು 15 ಸೆಂ.ಮೀ. ಎತ್ತಿ ಒಂದು ನಿಮಿಷ ಬಿಡಿ, ಇಳಿಸಿ ಇನ್ನೊಂದು ಬದಿ ಹಾಗೆಯೇ, ಮತ್ತೆ ಸಮಕ್ಕೆ ತಂದು ಒಂದು ನಿಮಿಷ ಕಾದು ಕಡಿಮೆ ಬಿದ್ದದ್ದನ್ನು ತುಂಬಿ. ಗ್ರೀಸ್ ಹಬ್ಬಿನಲ್ಲಿ ಗ್ರೀಸ್ ತೆಳ್ಳಗಾಗಿ ಸೋರುತ್ತಿದ್ದರೆ ಒಳಗಿನ ಸೀಲು ದಾಟಿ ಕ್ರೌನ್ ಆಯಿಲ್ ಬೆರೆತಿದೆ ಎಂದು ತಿಳಿಯಿರಿ.

ಜೋಡಿ ಆಕ್ಸಲಿನ ಟಿಪ್ಪರ್‌ಗಳಲ್ಲಿ ಎರಡು ಹೌಸಿಂಗ್‌ಗೂ ಬೇರೆ ಬೇರೆ ಅಳತೆ, ಮುಂದಿನದರಲ್ಲಿ ಆಕ್ಸಲ್‌ಗಳ ನಡುವೆ ಬಲ ಹಂಚುವ ಇನ್ನೊಂದು ಡಿಫರೆನ್ಷಿಯಲ್ ಇರುವುದರಿಂದ ಎಣ್ಣೆ ಹೆಚ್ಚು. ಒಂದನ್ನು ನೋಡಿ ಇನ್ನೊಂದನ್ನು ಅಂದಾಜಿಸಬೇಡಿ.

ಇಳಿಸಿದ ಎಣ್ಣೆಯನ್ನು ಗಟಾರಕ್ಕೋ ತೆಂಗಿನ ಬುಡಕ್ಕೋ ಸುರಿಯುವಂತಿಲ್ಲ. ಜಂಬಿಟ್ಟಿಗೆ ಕಲ್ಲಿನ ನೆಲದಲ್ಲಿ ಅದು ಇಳಿದು ಬಾವಿಗೆ ಸೇರಲು ಹೆಚ್ಚು ದಿನ ಬೇಡ. ಡಬ್ಬಿಗೆ ತುಂಬಿ ಮುಚ್ಚಳ ಹಾಕಿ, ಹಳೆ ಎಣ್ಣೆ ಕೊಳ್ಳುವ ಪರವಾನಗಿ ಇದ್ದವರಿಗೆ ಕೊಡಿ. ನೀರು ಬೆರೆತದ್ದನ್ನು ಬೇರೆ ಡಬ್ಬಿಯಲ್ಲಿ ಇಡಿ, ಬೆರೆಸಿದರೆ ಅವರು ಎರಡನ್ನೂ ತೆಗೆದುಕೊಳ್ಳುವುದಿಲ್ಲ.